ಬೆಳೆಯುವ ಮಕ್ಕಳಿಗೆ ಗಾಲ್ಫ್ ಕ್ಲಬ್: ಫಿಟ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಸಂಜೆವರೆಗೆ ನಮ್ಮ ಕ್ಲಬ್ ಫಿಟ್ಟರ್ (ಕ್ಲಬ್ ಅಂದ್ರೆ ಗಾಲ್ಫ್ ಕೋಲು, ಅದನ್ನು ಆಟಗಾರರ ಅಳತೆಗೆ ಹೊಂದಿಸುವವರು) ಉತ್ತರ ಕೊಡ್ತಾರೆ. ಪ್ರಶ್ನೆ ಜೊತೆ ಮಗುವಿನ ವಯಸ್ಸು, ಎತ್ತರ ಬರೆಯಿರಿ. ಶೂ ಹಾಕಿ ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯಿಂದ ನೆಲಕ್ಕೆ ಎಷ್ಟು ಇಂಚು ಅನ್ನೋದೂ ಬೇಕು. ದಯವಿಟ್ಟು ಫಾರ್ವರ್ಡ್ ಮೆಸೇಜ್ ಹಾಕಬೇಡಿ.

13ರ ಹುಡುಗನ ತಾಯಿ: ನಮಸ್ಕಾರ ಸರ್. ಎತ್ತರ 5 ಅಡಿ 1 ಇಂಚು, ಮಣಿಕಟ್ಟಿನಿಂದ ನೆಲಕ್ಕೆ 30. ಮಕ್ಕಳ ಸೆಟ್ ಚಿಕ್ಕದಾಗಿದೆ. ಈಗಲೇ ದೊಡ್ಡವರ 14 ಕ್ಲಬ್ಬಿನ ಪೂರ್ತಿ ಸೆಟ್ ತೆಗೆದರೆ ಎರಡೆರಡು ಸಲ ಖರ್ಚು ಮಾಡೋದು ತಪ್ಪುತ್ತಲ್ವಾ?

ಫಿಟ್ಟರ್: ನಮಸ್ಕಾರ ಮೇಡಂ. ಖರ್ಚು ತಪ್ಪೋದಿಲ್ಲ, ಹೆಚ್ಚಾಗುತ್ತೆ. 14 ಅನ್ನೋದು ನಿಯಮ ಹಾಕಿರೋ ಮಿತಿ, ಅಷ್ಟೂ ಇರಲೇಬೇಕು ಅಂತೇನಿಲ್ಲ. ಐರನ್ ಅಂದ್ರೆ ಲೋಹದ ತೆಳು ಹೆಡ್ಡಿನ ಕ್ಲಬ್, ನಂಬರು ಹೆಚ್ಚಾದಷ್ಟೂ ದೂರ ಕಮ್ಮಿ. ಆದರೆ ಈ ವಯಸ್ಸಿನ ಸ್ವಿಂಗ್ ವೇಗಕ್ಕೆ 5 ಐರನ್ನೂ 6 ಐರನ್ನೂ ಹೆಚ್ಚುಕಡಿಮೆ ಒಂದೇ ದೂರ ಹೋಗ್ತವೆ, ಎರಡಕ್ಕೂ ದುಡ್ಡು ಕೊಡೋದು ಯಾಕೆ? ಎಂಟು ಸಾಕು: 12 ಡಿಗ್ರಿ ಅಥವಾ ಹೆಚ್ಚಿನ ಲಾಫ್ಟಿನ (ಹೆಡ್ಡಿನ ಮುಖದ ಓರೆ) ಡ್ರೈವರ್ (ಅತಿ ದೂರದ ಹೊಡೆತಕ್ಕೆ), ಒಂದು 5 ವುಡ್ (ಡ್ರೈವರಿಗಿಂತ ಚಿಕ್ಕದು), ಒಂದು 5 ಹೈಬ್ರಿಡ್ (ವುಡ್, ಐರನ್ ಎರಡರ ನಡುವಿನದು), 7 ಮತ್ತು 9 ಐರನ್, ಪಿಚಿಂಗ್ ವೆಜ್ (ಹತ್ತಿರದ, ಎತ್ತರದ ಹೊಡೆತಕ್ಕೆ), 54 ಅಥವಾ 56 ಡಿಗ್ರಿಯ ಸ್ಯಾಂಡ್ ವೆಜ್ (ಮರಳಿನಿಂದ ಎತ್ತೋಕೆ), ಪಟರ್ (ಚೆಂಡನ್ನು ಗುಳಿಗೆ ಉರುಳಿಸೋಕೆ).

ಬಜೆಟ್ಟನ್ನು ಹತ್ತು ಪಾಲು ಮಾಡಿ. ಐರನ್ನಿಗೂ ಪಿಚಿಂಗ್ ವೆಜ್ಜಿಗೂ ಸೇರಿ ನಾಲ್ಕು, ಡ್ರೈವರಿಗೆ ಒಂದೂವರೆ, ವುಡ್ ಮತ್ತು ಹೈಬ್ರಿಡ್ಡಿಗೆ ಒಂದೂವರೆ, ಸ್ಯಾಂಡ್ ವೆಜ್ ಮತ್ತು ಪಟರಿಗೆ ಒಂದು. ಉಳಿದ ಎರಡು ಪಾಲನ್ನು ಮುಟ್ಟಬೇಡಿ. ಮುಂದಿನ ಒಂದೂವರೆ ವರ್ಷದಲ್ಲಿ ಉದ್ದ ಸರಿಪಡಿಸೋಕೆ, ಗ್ರಿಪ್ ಬದಲಿಸೋಕೆ, ಲೈ (ಶಾಫ್ಟ್, ಅಂದ್ರೆ ಕ್ಲಬ್ಬಿನ ದಂಡ, ನೆಲಕ್ಕೆ ನಿಲ್ಲೋ ಕೋನ) ಬಗ್ಗಿಸೋಕೆ ಅದು ಬೇಕೇ ಬೇಕು. ಹೆಚ್ಚಿನವರು ಈ ಎರಡು ಪಾಲನ್ನೂ ಹೊಸ ಡ್ರೈವರಿಗೆ ಸುರಿದು, ಆರು ತಿಂಗಳಿಗೆ ಕ್ಲಬ್ ಗಿಡ್ಡವಾದಾಗ ಕೈ ಖಾಲಿ ಮಾಡ್ಕೊಂಡಿರ್ತಾರೆ.

ಹಳೇ ಸದಸ್ಯ: ಇಷ್ಟೆಲ್ಲಾ ಲೆಕ್ಕ ಬೇಡ ಮೇಡಂ. ಎರಡು ಇಂಚು ಉದ್ದದ್ದೇ ತಗೊಳ್ಳಿ, ಹುಡುಗ ಬೆಳೀತಾನೆ. ಅಲ್ಲೀವರೆಗೂ ಕೆಳಗೆ ಹಿಡಿದು ಆಡಲಿ.

ಫಿಟ್ಟರ್: ಸ್ಕೂಲ್ ಯೂನಿಫಾರ್ಮ್ ಒಂದು ಸೈಜ್ ದೊಡ್ಡದು ಹೊಲಿಸಿದ ಹಾಗಲ್ಲ ಇದು. ಅರ್ಧ ಇಂಚು ಉದ್ದ ಇದ್ದರೆ ನಡೆಯುತ್ತೆ, ಒಂದು ಇಂಚು ಕೊನೇ ಮಿತಿ. ಎರಡು ಇಂಚು ಅಂದ್ರೆ ಹುಡುಗ ನೆಟ್ಟಗೆ ನಿಲ್ತಾನೆ, ಟೋ (ಹೆಡ್ಡಿನ ಹೊರತುದಿ) ಮೇಲೇಳುತ್ತೆ, ಹೀಲ್ (ಶಾಫ್ಟ್ ಕಡೆಯ ತುದಿ) ಮೊದಲು ನೆಲಕ್ಕೆ ತಗಲುತ್ತೆ, ಬಲಗೈ ಆಟಗಾರನ ಚೆಂಡು ಎಡಕ್ಕೆ ಹೋಗುತ್ತೆ. ಅದನ್ನು ತಡೆಯೋಕೆ ಕೈಯಲ್ಲಿ ಏನೇನೋ ಮಾಡೋದು ಕಲೀತಾನೆ. ಆಮೇಲೆ ಸರಿಯಾದ ಕ್ಲಬ್ ಕೊಟ್ಟರೂ ಆ ಅಭ್ಯಾಸ ಬಿಡೋದಿಲ್ಲ. ಕೆಳಗೆ ಹಿಡಿದರೆ ಅಲ್ಲಿ ಗ್ರಿಪ್ಪೂ ಸಣ್ಣ.

16ರ ಆಟಗಾರ: ಸರ್, ಅಮೆರಿಕದ ಗಾಲ್ಫರ್ ಬ್ರೈಸನ್ ಡಿಶಾಂಬೊ ಥರ ಎಲ್ಲ ಐರನ್ನೂ ಒಂದೇ ಉದ್ದ ಇರೋ ಸೆಟ್ ನನಗೆ ಆಗುತ್ತಾ? 5 ಅಡಿ 9, ಮಣಿಕಟ್ಟಿಂದ 34½. ಕಳೆದ ಒಂದು ವರ್ಷದಲ್ಲಿ ಅರ್ಧ ಇಂಚೂ ಬೆಳೆದಿಲ್ಲ.

ಫಿಟ್ಟರ್: ಅವರ ಐರನ್ನುಗಳು 37.5 ಇಂಚು, ಸುಮಾರು 7 ಐರನ್ನಿನ ಉದ್ದ. ಒಂದೇ ನಿಲುವು, ಒಂದೇ ಚೆಂಡಿನ ಜಾಗ, ಕಲಿಯೋಕೆ ಸುಲಭ ನಿಜ. ಆದರೆ 5 ಐರನ್ ಗಿಡ್ಡವಾಗಿರೋದ್ರಿಂದ ಸ್ವಿಂಗ್ ವೇಗ ಕಮ್ಮಿ ಇದ್ದರೆ ಚೆಂಡು ಎತ್ತರಕ್ಕೆ ಏಳಲ್ಲ, ವೆಜ್ ಉದ್ದವಾಗಿರೋದ್ರಿಂದ ಚಿಪ್ ಮಾಡುವಾಗ ತೊಡಕು. ನಿನ್ನ ಎತ್ತರ ನಿಂತಿದೆ, ಅದು ಒಳ್ಳೇದು. ಮೊದಲು 5 ಐರನ್ ಮತ್ತು ಸ್ಯಾಂಡ್ ವೆಜ್ ಎರಡನ್ನೇ ಹೊಡೆದು ನೋಡು. 7 ಐರನ್ ಹೊಡೆದು ತೀರ್ಮಾನ ಮಾಡಬೇಡ, ಅದು ಎರಡೂ ಸೆಟ್ಟಿನಲ್ಲಿ ಹೆಚ್ಚುಕಡಿಮೆ ಒಂದೇ.

12ರ ಹುಡುಗಿಯ ತಂದೆ: ಮಗಳು ಎಡಗೈ ಆಟಗಾರ್ತಿ, 4 ಅಡಿ 11. ಎಡಗೈ ಮಕ್ಕಳ ಸೆಟ್ ಸಿಗ್ತಿಲ್ಲ. ಏನು ಮಾಡೋದು?

14ರ ಹುಡುಗನ ತಂದೆ: ಸರ್, ಮಗ ಈಗ 5 ಅಡಿ 6. ಹೋದ ವರ್ಷ 5 ಅಡಿ 2 ಇದ್ದ. ಮಣಿಕಟ್ಟಿನಿಂದ 33. ನನ್ನ ಹಳೇ ಸ್ಟೀಲ್ ಶಾಫ್ಟಿನ ಐರನ್ನುಗಳು, ಸ್ಟಿಫ್ ಫ್ಲೆಕ್ಸ್ (ಕಮ್ಮಿ ಬಾಗುವ ಗಟ್ಟಿ ಶಾಫ್ಟ್), ಅವನ್ನೇ ಒಂದೊಂದು ಇಂಚು ಕತ್ತರಿಸಿ ಕೊಟ್ಟಿದ್ದೆ. ಈಗ ಮತ್ತೆ ಒಂದು ಇಂಚು ಸೇರಿಸಬಹುದಾ? ಮೂರು ವಾರದಿಂದ ಸೊಂಟದ ಒಂದು ಕಡೆ ನೋವು ಅಂತಾನೆ, ಹಿಂದಕ್ಕೆ ಬಾಗಿದರೆ ಜಾಸ್ತಿ. ಕ್ಲಬ್ ಗಿಡ್ಡವಾಗಿದ್ದಕ್ಕೇ ಇರಬೇಕು.

ಫಿಟ್ಟರ್: ಸರ್, ಕ್ಲಬ್ ಮಾತು ಆಮೇಲೆ. ಇವತ್ತಿಂದ ಸ್ವಿಂಗ್ ನಿಲ್ಲಿಸಿ, ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. ಮೂಳೆ ಡಾಕ್ಟರಾದರೆ ಒಳ್ಳೇದು, ಕ್ರೀಡಾಗಾಯ ನೋಡುವವರಾದರೆ ಇನ್ನೂ ಒಳ್ಳೇದು. ನಾನು ವೈದ್ಯನಲ್ಲ. ಆದರೆ ಬೇಗ ಬೆಳೆಯುತ್ತಿರೋ ಹುಡುಗ, ಸೊಂಟದ ಒಂದೇ ಕಡೆ ನೋವು, ಹಿಂದಕ್ಕೆ ಬಾಗಿದರೆ ಹೆಚ್ಚು, ಎರಡು ವಾರ ದಾಟಿದೆ – ಇಷ್ಟು ಸೇರಿದರೆ ಸುಮ್ಮನೆ ಕೂರೋ ವಿಷಯ ಅಲ್ಲ. ಬಾಗಿ ತಿರುಗುವ ಆಟಗಳಲ್ಲಿ ಈ ವಯಸ್ಸಿನವರ ಬೆನ್ನುಮೂಳೆಯ ಹಿಂಭಾಗದಲ್ಲಿ ಸಣ್ಣ ಬಿರುಕು ಬಿಡುವುದುಂಟು, ಸ್ಪಾಂಡಿಲೊಲೈಸಿಸ್ ಅಂತಾರೆ. ಬೇಗ ಗೊತ್ತಾಗಿ ವಿಶ್ರಾಂತಿ ಸಿಕ್ಕರೆ ಸಾಮಾನ್ಯವಾಗಿ ವಾಸಿಯಾಗುತ್ತೆ, ಆಡ್ತಾನೇ ಇದ್ದರೆ ಬೆಳೆಯುತ್ತೆ. ಎಕ್ಸ್‌ರೇ ಬೇಕಾ, ಎಂಆರ್‌ಐ ಬೇಕಾ ಅವರು ಹೇಳಲಿ. ನೋವಿನ ಮಾತ್ರೆ ಕೊಟ್ಟು ಮ್ಯಾಚ್ ಆಡಿಸಬೇಡಿ.

ಇನ್ನು ಆ ಕ್ಲಬ್. ದೊಡ್ಡವರ ಸ್ಟೀಲ್ 7 ಐರನ್ ಅಂದ್ರೆ ಹೆಡ್ ಸುಮಾರು 270 ಗ್ರಾಂ, ಶಾಫ್ಟ್ 120, ಗ್ರಿಪ್ 50: ಒಟ್ಟು 440ರ ಆಸುಪಾಸು. ಒಂದು ಇಂಚು ಕತ್ತರಿಸಿದಿರಿ, ಹೋಗಿದ್ದು ನಾಲ್ಕು ಗ್ರಾಂ ಅಷ್ಟೇ. ಅಂದ್ರೆ ಹುಡುಗ ಎತ್ತಿ ಬೀಸೋ ಭಾರ ಹಾಗೇ ಇದೆ. ಆದರೆ ಅರ್ಧ ಇಂಚಿಗೆ ಸ್ವಿಂಗ್ ವೇಟ್ (ಬೀಸುವಾಗ ಹೆಡ್ ಎಷ್ಟು ಭಾರ ಅನಿಸುತ್ತೆ ಅನ್ನೋ ಅಳತೆ) ಮೂರು ಪಾಯಿಂಟ್ ಇಳಿಯುತ್ತೆ, ಹಾಗಾಗಿ ಒಂದು ಇಂಚಿಗೆ ಆರು ಪಾಯಿಂಟ್ ಇಳಿದು ಡಿ2 ಇದ್ದದ್ದು ಸಿ6 ಆಗಿದೆ. ಹೆಡ್ ಎಲ್ಲಿದೆ ಅಂತ ಕೈಗೆ ತಿಳಿಯಲ್ಲ. ಶಾಫ್ಟ್ ಗಿಡ್ಡವಾದಷ್ಟೂ ಗಟ್ಟಿ, ಮೊದಲೇ ಸ್ಟಿಫ್. ಚೆಂಡು ಮೇಲೇಳಲ್ಲ, ಎಬ್ಬಿಸೋಕೆ ಹುಡುಗ ಬೆನ್ನನ್ನು ಹಿಂದಕ್ಕೆ ಬಾಗಿಸಿ ಎತ್ತಿ ಹೊಡೀತಾನೆ. ನಾಲ್ಕು ಇಂಚು ಬೆಳೆದ ಮೇಲೆ ನಿಲ್ಲುವಾಗಲೂ ಜಾಸ್ತಿ ಬಗ್ಗಬೇಕು. ನೋವಿಗೆ ಇದೇ ಕಾರಣ ಅಂತ ನಾನು ಹೇಳೋಕಾಗಲ್ಲ. ವಾಸಿಯಾದ ಮೇಲೆ ಈ ಕ್ಲಬ್ಬುಗಳನ್ನು ಮತ್ತೆ ಅವನ ಕೈಗೆ ಕೊಡಬೇಡಿ ಅಂತ ಖಂಡಿತ ಹೇಳ್ತೀನಿ.

ಡಾಕ್ಟರ್ ಆಡಬಹುದು ಅಂದಮೇಲೆ: ಹೆಡ್ ಉಳಿಸಿಕೊಳ್ಳಿ, ಶಾಫ್ಟ್ ಬದಲಿಸಿ. ಮೊದಲು ಶಾಫ್ಟಿನ ತುದಿ ಅಳೆಸಿ. 0.370 ಇಂಚಿನ ಪ್ಯಾರಲಲ್ ತುದಿಯಾದರೆ ಒಂದೇ ಬಗೆಯ ಶಾಫ್ಟನ್ನು ಯಾವ ಐರನ್ನಿಗೆ ಬೇಕಾದರೂ ಕತ್ತರಿಸಿ ಕೂರಿಸಬಹುದು, ಅಗ್ಗ. 0.355ರ ಟೇಪರ್ ತುದಿಯಾದರೆ ಒಂದೊಂದು ಐರನ್ನಿಗೆ ಒಂದೊಂದು ಶಾಫ್ಟ್ ಬೇಕು, ದುಬಾರಿ. 60 ಗ್ರಾಂ ಆಸುಪಾಸಿನ ಗ್ರಾಫೈಟ್ ಶಾಫ್ಟ್, ಸ್ಟಿಫ್‌ಗಿಂತ ಮೆದುವಾದ ಸೀನಿಯರ್ ಅಥವಾ ರೆಗ್ಯುಲರ್ ಫ್ಲೆಕ್ಸ್, 7 ಐರನ್ 36½ರಿಂದ 36¾ ಇಂಚು. ಒಂದೊಂದು ಕ್ಲಬ್ಬಿಗೂ ಸುಮಾರು 60 ಗ್ರಾಂ ಇಳಿಯುತ್ತೆ. ಅವನು ಇನ್ನೂ ಬೆಳೀತಾನೆ, ಹಾಗಾಗಿ ಬರೀ 7, 9 ಮತ್ತು ವೆಜ್ ಮಾಡಿಸಿ, ಉಳಿದ ಹೆಡ್ಡುಗಳು ಪೆಟ್ಟಿಗೆಯಲ್ಲಿರಲಿ.

13ರ ಹುಡುಗನ ತಾಯಿ: ಸರ್, ನನಗೊಂದು ಮೆಸೇಜ್ ಬಂದಿದೆ: "ಭಾರದ ಕ್ಲಬ್ಬಿನಲ್ಲಿ ಆಡಿಸಿದರೆ ಮಕ್ಕಳ ತೋಳು ಗಟ್ಟಿಯಾಗುತ್ತೆ, ಆಮೇಲೆ ಹಗುರದ್ದು ಕೊಟ್ಟರೆ ದುಪ್ಪಟ್ಟು ದೂರ."

ಫಿಟ್ಟರ್: ಮೇಲಿನ ಉತ್ತರ ಓದಿದಿರಾ ಮೇಡಂ? ಭಾರದ ಕ್ಲಬ್ ಕೊಟ್ಟರೆ ಮಗು ನಿಧಾನವಾಗಿ ಬೀಸೋದು ಕಲಿಯುತ್ತೆ. ಡಿಲೀಟ್ ಮಾಡಿ.

ಹಳೇ ಸದಸ್ಯ: ನಮ್ಮ ಕಾಲದಲ್ಲಿ ಎಲ್ಲರೂ ಸ್ಟೀಲ್ ಬ್ಲೇಡಿನಲ್ಲೇ (ತೆಳು, ಗಟ್ಟಿ ಹೆಡ್ಡಿನ ಐರನ್) ಕಲಿತಿದ್ದು. ಬ್ಲೇಡಿನಲ್ಲಿ ಕಲಿತವನಿಗೆ ನಡುವಿಗೆ ಹೊಡೆಯೋದು ತಾನಾಗೇ ಬರುತ್ತೆ. ಈ ಕ್ಯಾವಿಟಿ ಬ್ಯಾಕ್ (ಹಿಂಬದಿ ಟೊಳ್ಳಾದ ಹೆಡ್) ತಪ್ಪು ಮುಚ್ಚಿಡುತ್ತೆ.

ಕೋಚ್: ತಪ್ಪು ಮುಚ್ಚಿಡಲ್ಲ ಸರ್, ಮಗು ಆಟ ಬಿಡದ ಹಾಗೆ ಉಳಿಸುತ್ತೆ. ಭಾರ ಅಂಚಿಗೆ ಹಂಚಿರೋದ್ರಿಂದ ಟೋ ಕಡೆ ತಗಲಿದರೂ ಹೆಡ್ ಕಮ್ಮಿ ತಿರುಗುತ್ತೆ. ಎಲ್ಲಿ ತಗಲಿತು ನೋಡ್ಬೇಕಾ? ಹೆಡ್ಡಿನ ಮುಖಕ್ಕೆ ಪೌಡರ್ ಸ್ಪ್ರೇ ಹೊಡೆಯಿರಿ, ಗುರುತು ಬೀಳುತ್ತೆ. ಅದಕ್ಕೆ ಬ್ಲೇಡ್ ಬೇಕಿಲ್ಲ.

ಹಳೇ ಸದಸ್ಯ: ಪೌಡರ್ ಹಚ್ಚಿ ಆಟಗಾರ ಆಗಲ್ಲ.

ಕೋಚ್: ಸ್ಟಿಫ್ ಸ್ಟೀಲ್ ಕೊಟ್ಟು ಬೆನ್ನು ನೋಯಿಸಿಕೊಂಡೂ ಆಗಲ್ಲ.

14ರ ಹುಡುಗನ ತಂದೆ: ನನ್ನ ಮಗನ ವಿಷಯ ನಿಮ್ಮ ಜಗಳಕ್ಕೆ ಬಳಸಬೇಡಿ, ದಯವಿಟ್ಟು.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಪ್ರಶ್ನೆ ಇದ್ದವರಿಗೆ ಜಾಗ ಬಿಡಿ.

15ರ ಹುಡುಗನ ಅಣ್ಣ: ಸೆಕೆಂಡ್ ಹ್ಯಾಂಡ್ ಐರನ್ ಸೆಟ್ ನೋಡಿದ್ದೀವಿ, 5ರಿಂದ ಪಿಚಿಂಗ್ ವೆಜ್‌ವರೆಗೆ. ಏನು ಪರೀಕ್ಷೆ ಮಾಡಬೇಕು?

ಫಿಟ್ಟರ್: ಒಳ್ಳೇ ಪ್ರಶ್ನೆ. ಒಂದೊಂದು ಕ್ಲಬ್ಬನ್ನೂ ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಏನಾದರೂ ಉರುಳಿದರೆ ಒಡೆದ ಎಪಾಕ್ಸಿ ಅಂಟಿನ ಚೂರು ಇರಬಹುದು. ಶಾಫ್ಟ್ ಹೆಡ್ಡಿಗೆ ಸೇರೋ ಜಾಗದ ಕಪ್ಪು ಉಂಗುರ, ಅಂದ್ರೆ ಫೆರೂಲ್, ಮೇಲೆ ಸರಿದು ಸಂದು ಬಿಟ್ಟಿದ್ದರೆ ಹೆಡ್ ಸಡಿಲವಾಗಿಲ್ಲವಾ ನೋಡಿ. ಹೆಡ್ಡನ್ನು ಒಂದು ಕೈಯಲ್ಲಿ, ಗ್ರಿಪ್ಪನ್ನು ಇನ್ನೊಂದು ಕೈಯಲ್ಲಿ ಹಿಡಿದು ತಿರುಚಿ, ಕಟಕಟ ಅಂದರೆ ಬೇಡ. ಸ್ಟೀಲ್ ಶಾಫ್ಟಿನ ಮೇಲೆ ಉಗುರು ಎಳೆಯಿರಿ: ತುಕ್ಕು ಒರೆಸಿದರೆ ಹೋಗುತ್ತೆ ಅಂದ್ರೆ ಸರಿ, ಉಗುರಿಗೆ ಗುಳಿ ಸಿಕ್ಕರೆ ಅಲ್ಲೇ ಮುರಿಯುತ್ತೆ. ಗ್ರಾಫೈಟಿನಲ್ಲಿ ಬ್ಯಾಗಿನ ಅಂಚು ಉಜ್ಜಿ ಬಣ್ಣ ಸವೆದು ನಾರು ಕಾಣಿಸ್ತಿದ್ದರೆ ಬಿಡಿ.

ಎಲ್ಲರೂ ಮರೆಯೋದು ಲಾಫ್ಟ್. ಹಳೇ ಸೆಟ್ಟಿನ 7 ಐರನ್ 34 ಡಿಗ್ರಿ ಇದ್ದರೆ ಇವತ್ತಿನ ದೂರದ ಸೆಟ್ಟಿನಲ್ಲಿ ಅದೇ ನಂಬರು 28–30. ಹೊಸ ಸೆಟ್ಟಿನ ಪಿಚಿಂಗ್ ವೆಜ್ 43 ಡಿಗ್ರಿ, ಮನೆಯಲ್ಲಿರೋ ಸ್ಯಾಂಡ್ ವೆಜ್ 56 ಅಂದ್ರೆ ನಡುವೆ 13 ಡಿಗ್ರಿ ಖಾಲಿ. ಗ್ರೀನ್ ಹತ್ತಿರ ಅರ್ಧಂಬರ್ಧ ಹೊಡೆತಗಳೆಲ್ಲ ಅಲ್ಲೇ ಬೀಳೋದು. ಆಗ ಒಂದು 49–50 ಡಿಗ್ರಿಯ ವೆಜ್ಜಿಗೂ ದುಡ್ಡು ಇಡಬೇಕು. ಐರನ್ ಸೆಟ್ ಅಗ್ಗಕ್ಕೆ ಸಿಕ್ಕಿತು ಅನ್ನೋ ಮೊದಲು ಇದನ್ನು ಸೇರಿಸಿ ಕೂಡಿ.

16ರ ಆಟಗಾರ: ಸರ್, 2010ಕ್ಕಿಂತ ಹಳೇ ವೆಜ್ ಇದೆ, ಗ್ರೂವ್ (ಹೆಡ್ಡಿನ ಮುಖದ ಗೀರು) ಚೂಪಾಗಿದೆ. ಟೂರ್ನಮೆಂಟಿನಲ್ಲಿ ಆಡಬಹುದಾ?

ಫಿಟ್ಟರ್: ಚೂಪು ಗ್ರೂವಿಗೆ ಮಿತಿ ಹಾಕಿದ 2010ರ ನಿಯಮ ಹಳೇ ಕ್ಲಬ್ಬಿಗೆ ಎಲ್ಲ ಸ್ಪರ್ಧೆಯಲ್ಲೂ ಕಡ್ಡಾಯ ಅಲ್ಲ, ಮೇಲ್ಮಟ್ಟದವಕ್ಕೆ ಸ್ಥಳೀಯ ನಿಯಮವಾಗಿ ಬರುತ್ತೆ. ನಿನ್ನ ಸ್ಪರ್ಧೆಯ ನಿಯಮ ಪತ್ರ ಓದು. ಬ್ಯಾಗಿನಲ್ಲಿ 14 ಮೀರದ ಹಾಗೆ ಎಣಿಸಿಕೋ. ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸೋ ಆಟ) ಹೆಚ್ಚುವರಿ ಕ್ಲಬ್ ಇದ್ದ ಪ್ರತಿ ಹೋಲಿಗೆ ಎರಡು ಸ್ಟ್ರೋಕ್ ದಂಡ, ಒಂದು ರೌಂಡಿಗೆ ಗರಿಷ್ಠ ನಾಲ್ಕು ಸ್ಟ್ರೋಕ್.

11ರ ಹುಡುಗನ ಮಾವ: ಎಷ್ಟು ಕ್ಲಬ್ ಬೇಕು?

ಫಿಟ್ಟರ್: ಮೊದಲ ಉತ್ತರ ನೋಡಿ.

15ರ ಹುಡುಗಿಯ ತಾಯಿ: ಮಗಳು 5 ಅಡಿ 3, ಮಣಿಕಟ್ಟಿಂದ 31½. ಮಕ್ಕಳ ಸೆಟ್ ಇರಲಾ, ಹೆಂಗಸರ ಸೆಟ್ ತಗೊಳ್ಳಲಾ?

ಫಿಟ್ಟರ್: ಹುಡುಗಿಯರ ಎತ್ತರ ಹುಡುಗರಿಗಿಂತ ಬೇಗ ನಿಲ್ಲುತ್ತೆ. ಕಳೆದ ಆರು ತಿಂಗಳಲ್ಲಿ ಅರ್ಧ ಇಂಚಿಗಿಂತ ಕಡಿಮೆ ಬೆಳೆದಿದ್ದರೆ ಹೆಂಗಸರ ಸೆಟ್ ತಗೊಳ್ಳಿ, ಅದು ಗಂಡಸರದಕ್ಕಿಂತ ಸುಮಾರು ಒಂದು ಇಂಚು ಗಿಡ್ಡ. ಆದರೆ ಚೆನ್ನಾಗಿ ಬೀಸೋ ಹುಡುಗಿಗೆ ಹೆಂಗಸರ ಫ್ಲೆಕ್ಸ್ ತೀರಾ ಮೆದು, ಸೀನಿಯರ್ ಫ್ಲೆಕ್ಸನ್ನೂ ಹೊಡೆಸಿ ನೋಡಿ. ಫ್ಲೆಕ್ಸಿಗೆ ಒಂದೇ ಅಳತೆಗೋಲು ಇಲ್ಲ, ಒಬ್ಬ ತಯಾರಕರ ರೆಗ್ಯುಲರ್ ಇನ್ನೊಬ್ಬರ ಸೀನಿಯರ್ ಆಗಿರುತ್ತೆ. ಶಾಫ್ಟ್ ಮೇಲೆ ಬರೆದ ಅಕ್ಷರ ನಂಬಬೇಡಿ.

ಹಳೇ ಸದಸ್ಯ: ಶಾಫ್ಟ್ ಬದಲಿಸೋಕೆ ಅಂಗಡಿ ಬೇಕಿಲ್ಲ. ಬಂದಿರೋ ವಿಡಿಯೋ ಹಾಕ್ತಿದ್ದೀನಿ: ಗ್ಯಾಸ್ ಒಲೆ ಮೇಲೆ ಹೋಸೆಲ್ (ಶಾಫ್ಟ್ ಕೂರೋ ಹೆಡ್ಡಿನ ಕೊಳವೆ) ಹಿಡಿದು, ತಿರುಚಿ ಎಳೆದರೆ ಬಂದ್ಬಿಡುತ್ತೆ. ಗ್ರಿಪ್ ಹಾಕೋಕೆ ಒಂದು ಮುಚ್ಚಳ ಪೆಟ್ರೋಲ್ ಸಾಕು.

ಫಿಟ್ಟರ್: ಆ ವಿಡಿಯೋ ತೆಗೆಯಿರಿ. ಈಗಲೇ. ಒಲೆ ಬೆಂಕಿಗೆ ಹಿಡಿದರೆ ಗ್ರಾಫೈಟಿನ ಅಂಟು ಸುಟ್ಟುಹೋಗುತ್ತೆ, ಹೊರಗೆ ಕಾಣಲ್ಲ. ಆ ಶಾಫ್ಟನ್ನು ಇನ್ನೊಂದು ಹೆಡ್ಡಿಗೆ ಕೂರಿಸಿದರೆ ಸ್ವಿಂಗ್ ನಡುವೆ ಮುರಿದು ಹೆಡ್ ಹಾರಿ ಎದುರಿಗೆ ನಿಂತ ಮಗುವಿಗೆ ತಗಲುತ್ತೆ. ಗ್ರಾಫೈಟನ್ನು ತಿರುಚಲೇಬಾರದು, ಹೀಟ್ ಗನ್ನಿನಲ್ಲಿ ಹೋಸೆಲ್ಲನ್ನಷ್ಟೇ ಹದವಾಗಿ ಕಾಯಿಸಿ ಪುಲ್ಲರಿನಲ್ಲಿ ನೇರ ಎಳೀಬೇಕು. ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ನೀರಿನಿಂದ ಜಾರುವ ಗ್ರಿಪ್ ಟೇಪ್ ಸಿಗುತ್ತೆ, ಅದನ್ನು ತಗೊಳ್ಳಿ.

ಹಳೇ ಸದಸ್ಯ: ಸಾವಿರಾರು ಜನ ನೋಡಿರೋ ವಿಡಿಯೋ ಅದು.

ಕೋಚ್: ನೋಡಿದವರ ಲೆಕ್ಕದಿಂದ ಶಾಫ್ಟ್ ಗಟ್ಟಿಯಾಗಲ್ಲ. ತೆಗೀರಿ ಅಂದಿದ್ದು ಕೇಳಿಸ್ಲಿಲ್ವಾ?

ಅಡ್ಮಿನ್: ವಿಡಿಯೋ ತೆಗೆದಿದ್ದೇನೆ. ಇನ್ನೊಂದು ಹಾಕಿದರೆ ಗ್ರೂಪಿನಿಂದ ಹೊರಗೆ.

11ರ ಹುಡುಗನ ಮಾವ: ಮೊದಲ ಉತ್ತರ ನೋಡಿದೆ, ಅದು 13ರ ಹುಡುಗನಿಗೆ. ನಮ್ಮವನಿಗೆ 11. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡೋದಕ್ಕೆ ಏನು ಕಷ್ಟ?

ಫಿಟ್ಟರ್: ಎತ್ತರವನ್ನೇ ಬರೆದಿಲ್ಲ ನೀವು. ಆರು: ಡ್ರೈವರ್, ಹೈಬ್ರಿಡ್, 7, 9, ಸ್ಯಾಂಡ್ ವೆಜ್, ಪಟರ್. ಮಕ್ಕಳ ಸೆಟ್ಟನ್ನು ಎತ್ತರ ನೋಡಿ ಕೊಳ್ಳಿ, ವಯಸ್ಸು ನೋಡಿ ಅಲ್ಲ. ಯುಎಸ್ ಕಿಡ್ಸ್ ಥರದ ಮಕ್ಕಳ ಕ್ಲಬ್ ತಯಾರಕರು ಮೂರು ಇಂಚಿಗೊಂದು ಸೈಜ್ ಮಾಡ್ತಾರೆ. ಎರಡು ಸೈಜಿನ ನಡುವೆ ಬಂದರೆ ಚಿಕ್ಕದನ್ನು ತಗೊಂಡು ಮೂರು ತಿಂಗಳಿಗೆ ಬಿಡಬೇಡಿ, ದೊಡ್ಡದನ್ನೇ ತಗೊಳ್ಳಿ. ಆ ಕ್ಲಬ್ಬುಗಳು ಹಗುರ, ಒಂದು ಇಂಚು ಕೆಳಗೆ ಹಿಡಿದರೆ ತೊಂದರೆ ಇಲ್ಲ.

15ರ ಹುಡುಗನ ಅಣ್ಣ: ಸರ್, ಆ ಸೆಟ್ ಅರ್ಧ ಇಂಚು ಗಿಡ್ಡ. ಸ್ಟೀಲ್ ಶಾಫ್ಟ್. ಉದ್ದ ಮಾಡಿಸಿದರೆ ಗಟ್ಟಿ ನಿಲ್ಲುತ್ತಾ?

ಫಿಟ್ಟರ್: ನಿಲ್ಲುತ್ತೆ. ಗ್ರಿಪ್ ತೆಗೆದು, ಶಾಫ್ಟಿನ ಒಳಗೋಡೆ ಉಜ್ಜಿ ಒರಟು ಮಾಡಿ, ಎಕ್ಸ್‌ಟೆನ್ಶನ್ ತುಂಡನ್ನು ಎಪಾಕ್ಸಿ ಹಚ್ಚಿ ಕೂರಿಸಿ, ಒಂದು ಪೂರ್ತಿ ದಿನ ಒಣಗಲು ಬಿಟ್ಟು ಆಮೇಲೆ ಗ್ರಿಪ್. ಸ್ವಿಂಗ್ ವೇಟ್ ಮೂರು ಪಾಯಿಂಟ್ ಏರುತ್ತೆ, ಹೆಡ್ ಭಾರ ಅನಿಸಿದರೆ ಗ್ರಿಪ್ ಹದಿನೈದು ಗ್ರಾಂ ಭಾರದ್ದು ಹಾಕಿಸಿ ಸರಿದೂಗಿಸಿ. ಲೈ ಕೂಡ ಸುಮಾರು ಒಂದು ಡಿಗ್ರಿ ನೆಟ್ಟಗಾಗುತ್ತೆ, ಹೆಡ್ಡಿನ ತಳಕ್ಕೆ ಟೇಪ್ ಅಂಟಿಸಿ ಬೋರ್ಡಿನ ಮೇಲೆ ಹೊಡೆಸಿ ಗುರುತು ನೋಡಿ. ಗುರುತು ಹೀಲ್ ಕಡೆ ಬಿದ್ದರೆ ಬಗ್ಗಿಸಿ ಚಪ್ಪಟೆ ಮಾಡಿಸಬೇಕು. ಫೋರ್ಜ್ ಮಾಡಿದ ಹೆಡ್ ಎರಡು ಡಿಗ್ರಿ ಸಲೀಸಾಗಿ ಬಗ್ಗುತ್ತೆ. ಗಟ್ಟಿ ಸ್ಟೇನ್‌ಲೆಸ್ ಎರಕದ ಹೆಡ್ ಬಗ್ಗಿಸುವಾಗ ಮುರಿಯಬಹುದು, ಮುಂಚೆಯೇ ಕೇಳಿಕೊಳ್ಳಿ.

12ರ ಹುಡುಗಿಯ ತಂದೆ: ಎಡಗೈ ಪ್ರಶ್ನೆ ಯಾರಾದರೂ ನೋಡಿದ್ರಾ?

14ರ ಹುಡುಗನ ತಂದೆ: ಸರ್, ನಾಳೆ ಬೆಳಿಗ್ಗೆಗೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಅಲ್ಲೀವರೆಗೆ ಬರೀ ಪಟಿಂಗ್ ಮಾಡಬಹುದಾ?

ಫಿಟ್ಟರ್: ಒಂದು ದಿನದ ಮಾತು ಸರ್, ಅದೂ ಬೇಡ. ಅವನ ಪಟರ್ ಕೂಡ ಹೋದ ವರ್ಷದ್ದೇ ಆದರೆ ಅದಕ್ಕೂ ಬಗ್ಗಬೇಕು. ಡಾಕ್ಟರಿಗೆ ಹೇಳುವಾಗ ಎತ್ತರ ಎಷ್ಟು ಬೇಗ ಏರಿತು, ದಿನಕ್ಕೆ ಎಷ್ಟು ಚೆಂಡು ಹೊಡೀತಿದ್ದ ಅನ್ನೋದನ್ನು ಮರೀದೆ ಹೇಳಿ.