ಸಮಸ್ಯಾಪೂರಣ: ‘ರೋದನ ಸೋಬಾನೆಯಾಯ್ತು’

ಸಂಚಾಲಕರು: ವಿರೋಧವೆನಿಸುವ ಒಂದು ಪಾದವನ್ನು ಕೊಟ್ಟು, ಅದು ಅರ್ಥವತ್ತಾಗುವಂತೆ ಉಳಿದ ಪಾದಗಳನ್ನು ರಚಿಸಿ ಪದ್ಯವನ್ನು ತುಂಬಿಸುವುದೇ ಸಮಸ್ಯಾಪೂರಣ. ಈ ಸಲದ ಸಮಸ್ಯೆ ನಾಲ್ಕು ಪಾದಗಳ ಕಂದಪದ್ಯದ ಕೊನೆಯ ಪಾದವಾಗಿದೆ.

“ರೋದನ ಸೋಬಾನೆಯಾಯ್ತು ತಾಯ್ಗಾ ಮನೆಯೊಳ್”

ಸೋಬಾನೆಯನ್ನು ಬರಿಯ ಇಂಪಾದ ಹಾಡೆಂದು ಭಾವಿಸಿ ಪೂರಣಕ್ಕೆ ಕೈಹಾಕಬಾರದೆಂದು ವಿನಂತಿ. ಸಂಸ್ಕೃತದ ‘ಶೋಭನ’ದಿಂದ ಬಂದ ಈ ಮಾತಿನ ಬೆನ್ನಿಗೆ ಯಾವಾಗಲೂ ಒಂದು ಶುಭಕಾರ್ಯವಿರುತ್ತದೆ, ಅರಿಸಿನ ಹಚ್ಚುವಾಗ, ಹಸೆಗೆ ಕರೆಯುವಾಗ, ಆರತಿ ಎತ್ತುವಾಗ ಒಬ್ಬಾಕೆ ಸೊಲ್ಲೆತ್ತಿಕೊಟ್ಟರೆ ಉಳಿದ ಹೆಂಗಸರು ಅದನ್ನೇ ಹಿಡಿದು ಮುಂದುವರಿಸುವ ಹಾಡು ಅದು. ಮಾಧ್ವ ಯತಿ ವಾದಿರಾಜರ ಲಕ್ಷ್ಮೀ ಶೋಭಾನೆಯೂ ಸಮುದ್ರಮಥನದಲ್ಲಿ ಹುಟ್ಟಿದ ಲಕ್ಷ್ಮಿಯ ಮದುವೆಯ ಹಾಡೇ ಆಗಿದ್ದು, ಮಾಧ್ವರ ಮನೆಯ ಮದುವೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (1126–1138) ‘ಮಾನಸೋಲ್ಲಾಸ’ವು ಮದುವೆಗೆ ಧವಳ, ಉತ್ಸವಕ್ಕೆ ಮಂಗಳ ಎಂದು ಹಾಡನ್ನು ಸಂದರ್ಭಕ್ಕೆ ಹೊಂದಿಸಿ ಹೇಳುತ್ತದೆ, ಸೋಬಾನೆಯನ್ನೂ ಆ ಸಾಲಿನಲ್ಲಿಯೇ ಇಟ್ಟು ನೋಡಬೇಕು. ಹಾಗಾದರೆ ಅಂಥ ಹಾಡಿನ ಜಾಗದಲ್ಲಿ ರೋದನ ಹೇಗೆ ಕುಳಿತೀತು?

ಸದಸ್ಯರೊಬ್ಬರು: ಹೆಣ್ಣು ಒಪ್ಪಿಸುವ ಹೊತ್ತಿನ ತಾಯಿಯ ಅಳು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಆದರೆ ಅಳುತ್ತಿರುವವರು ಯಾರೆಂದು ಸಮಸ್ಯೆ ಎಲ್ಲಿಯೂ ಹೇಳಿಲ್ಲವಾದ್ದರಿಂದ ನಾನು ಬೇರೆ ದಾರಿ ಹಿಡಿದಿದ್ದೇನೆ.

ವೇದನೆಯೊಳಿರುಳ್ ಕಳೆಯಲ್
ಮೋದದ ಬೆಳಗಿನೊಳೆ ಪುಟ್ಟಿದೆಳೆಗಂದನ ಬಾಯ್
ನಾದಮನುಸಿರಲ್ ಮೊದಲಾ
ರೋದನ ಸೋಬಾನೆಯಾಯ್ತು ತಾಯ್ಗಾ ಮನೆಯೊಳ್

ಸಂಚಾಲಕರು: ಅಳುವನ್ನು ತಾಯಿಯಿಂದ ಕಂದನಿಗೆ ದಾಟಿಸಿದ್ದರಿಂದ ವಿರೋಧವು ತಾನಾಗಿಯೇ ಕಳಚಿತು; ಮಗು ಹುಟ್ಟುವುದು ಶುಭಕಾರ್ಯವೇ ಆದ್ದರಿಂದ ಸೋಬಾನೆ ಎಂಬ ಮಾತಿಗೂ ಅನ್ಯಾಯವಾಗಲಿಲ್ಲ. ದಕಾರದ ಪ್ರಾಸ ನಾಲ್ಕೂ ಪಾದಗಳ ಎರಡನೆಯ ಅಕ್ಷರದಲ್ಲಿ ಸಲೀಸಾಗಿ ನಿಂತಿದೆ, ಆರನೆಯ ಗಣದಲ್ಲಿ (ನಾಲ್ಕು ಮಾತ್ರೆಯ ಗುಂಪಿನಲ್ಲಿ) ಲಘು-ಗುರು-ಲಘುವಿನ ಜಗಣವೂ ಸರಿಯಾಗಿ ಬಿದ್ದಿದೆ. ನನಗೆ ಒಪ್ಪಿಗೆಯಾಗದ್ದು ‘ಮೋದದ’ ಎಂಬ ಒಂದೇ ಪದ. ಮಗುವಿನ ದನಿ ಕೇಳುವ ಮೊದಲೇ ಕವಿ ಸಂತೋಷವನ್ನು ಹೇಳಿಬಿಟ್ಟರೆ ಕೊನೆಯ ಪಾದಕ್ಕೆ ಉಳಿಯುವುದೇನು? ಅಲ್ಲಿಯವರೆಗೆ ಆ ಮನೆಯಲ್ಲಿದ್ದದ್ದು ಆತಂಕವೇ ಹೊರತು ಮೋದವಲ್ಲ.

ಸದಸ್ಯರು: ತಮ್ಮ ಮಾತು ನಿಜ. ‘ಕಾದಾ ಬೆಳಗಿನೊಳೆ’ ಎಂದು ತಿದ್ದುತ್ತೇನೆ. ಮಾತ್ರೆಯೂ ಪ್ರಾಸವೂ ಕೆಡುವುದಿಲ್ಲ, ರಾತ್ರಿಯಿಡೀ ಕಾದ ಆ ಬೆಳಗು ಎಂಬ ಅರ್ಥವೂ ಬರುತ್ತದೆ.