ಕೆಳಗಿನ ಹಲ್ಲು ಸೆಟ್ ಏಳ್ತಾ ಇದೆ, ನಾಲಿಗೆ ಪಕ್ಕ ಹುಣ್ಣು. ಅಂಚು ಉಜ್ಜಬಹುದಾ?

ಬಿಕ್ಕೋಡು_ಕಡೆ:
ಅಮ್ಮನಿಗೆ 68. ಹಲ್ಲೆಲ್ಲ ಕೀಳಿಸಿ ಮೂರು ತಿಂಗಳು, ಹಾಸನದಲ್ಲಿ ಮೇಲೆ ಕೆಳಗೆ ಫುಲ್ ಸೆಟ್ ಕಟ್ಟಿಸಿ ಮೂರು ವಾರ ಆಯ್ತು. ಮೇಲಿನದು ಭದ್ರವಾಗಿ ಕೂತಿದೆ. ಕೆಳಗಿನದು ಮಾತಾಡಿದ್ರೆ ಏಳುತ್ತೆ, ಊಟ ಮಾಡುವಾಗ ಒಂದು ಕಡೆ ಎತ್ತುತ್ತೆ. ಎಡಗಡೆ ಒಳಗೆ, ನಾಲಿಗೆ ಪಕ್ಕದಲ್ಲಿ ಗೆರೆ ಎಳೆದ ಹಾಗೆ ಹುಣ್ಣು. ಈಗ ಊಟಕ್ಕೆ ತೆಗೆದಿಡ್ತಾರೆ, ಮದುವೆ ಮನೆಗೆ ಮಾತ್ರ ಹಾಕ್ತಾರೆ. ಬಿಪಿ ಮಾತ್ರೆ ಇದೆ, ಶುಗರ್ ಇಲ್ಲ, ಎಲೆ ಅಡಿಕೆ ದಿನಾ ಬೇಕು. ನೀರಿನ ಸ್ಯಾಂಡ್ ಪೇಪರ್‌ನಲ್ಲಿ ಅಂಚು ಸ್ವಲ್ಪ ಉಜ್ಜಲಾ, ಇಲ್ಲ ಅಂಟಿಸೋ ಪೇಸ್ಟ್ ತರಲಾ?

ಮೇಣದ_ಅಚ್ಚು:
ಎರಡೂ ಬೇಡ ಸರ್, ಸದ್ಯಕ್ಕೆ. ಲ್ಯಾಬ್ ಕೆಲಸ ಮಾಡೋನಾಗಿ ಹೇಳ್ತೀನಿ: ಉಜ್ಜಿದ ಅಕ್ರಿಲಿಕ್ (ಸೆಟ್ ಮಾಡಿರೋ ಪ್ಲಾಸ್ಟಿಕ್) ಮತ್ತೆ ಬೆಳೆಯಲ್ಲ. ಅಂಚು ಅರ್ಧ ಮಿಲಿಮೀಟರ್ ಉದ್ದ ಇದ್ರೆ ಹುಣ್ಣು, ಅಷ್ಟೇ ಗಿಡ್ಡ ಆದ್ರೆ ಹಿಡಿತ ಹೋಯ್ತು. ಪಾಲಿಶ್ ಇಲ್ಲದ ಒರಟು ಜಾಗದಲ್ಲಿ ಕ್ಯಾಂಡಿಡಾ ಫಂಗಸ್ ಕೂರುತ್ತೆ, ಅದು ಬೇರೆ ತಲೆನೋವು. ಪೇಸ್ಟ್ ಹಾಕಿ ಹುಣ್ಣಿನ ಮೇಲೆ ಒತ್ತಿ ಕೂರಿಸಿದ್ರೆ ಗಾಯ ಇನ್ನೂ ಆಳ ಆಗುತ್ತೆ.

ದವಡೆ_ವೈದ್ಯ:
ಮೊದಲು ಒಂದು ಸಮಾಧಾನ. ಮೇಲಿನ ಸೆಟ್ ಅಂಗುಳವನ್ನೆಲ್ಲ ಮುಚ್ಚುತ್ತೆ, ಸುತ್ತಲೂ ಗಾಳಿ ಒಳಗೆ ಹೋಗದ ಹಾಗೆ ಅಂಚು ಕಚ್ಚಿಕೊಳ್ಳುತ್ತೆ. ಕೆಳಗಿನದು ಕುದುರೆ ಲಾಳದ ಆಕಾರ, ಮಧ್ಯೆ ನಾಲಿಗೆ ಓಡಾಡುತ್ತೆ, ಕೂರೋ ಜಾಗವೇ ಕಡಿಮೆ. ಮೇಲಿನದರಷ್ಟು ಗಟ್ಟಿ ಅದು ಯಾರಿಗೂ ಕೂರಲ್ಲ. ಅಮ್ಮನವರು ಅದನ್ನ ಇದಕ್ಕೆ ಹೋಲಿಸಿ ಬೇಜಾರು ಮಾಡ್ಕೊಳ್ಳೋದು ಬೇಡ. ಆದ್ರೆ ಹುಣ್ಣು, ಒಂದು ಕಡೆ ಎತ್ತೋದು, ಇವೆರಡನ್ನೂ ಸಹಿಸಬೇಕಾಗಿಲ್ಲ, ಸರಿ ಮಾಡಬಹುದು.

ಮನೆಯಲ್ಲೇ ಮೂರು ಪರೀಕ್ಷೆ ಮಾಡಿ ನೋಡಿ. ಬಾಯಿ ಅರ್ಧ ತೆರೆದು, ನಾಲಿಗೆ ತುದಿಯನ್ನ ಮೇಲಿನ ತುಟಿಗೆ ಮುಟ್ಟಿಸಲಿ. ಆಗ ಸೆಟ್ ಎದ್ದರೆ ನಾಲಿಗೆ ಕಡೆಯ ಅಂಚು ಉದ್ದ. ಆಮೇಲೆ ಎರಡೂ ತೋರುಬೆರಳನ್ನ ಬಲ ಎಡ ದವಡೆ ಹಲ್ಲುಗಳ ಮೇಲಿಟ್ಟು ಒಂದಾದ ಮೇಲೊಂದು ಒತ್ತಿ. ತೊಟ್ಟಿಲ ಹಾಗೆ ಆಡಿದ್ರೆ ಬುಡವೇ ವಸಡಿಗೆ ಕೂತಿಲ್ಲ. ಬೆರಳಿಗೆ ಆಡದೆ, ಬರೀ ಕಚ್ಚಿದಾಗ ಮಾತ್ರ ಜಾರಿದ್ರೆ ತಪ್ಪು ಕಚ್ಚುವಿಕೆಯಲ್ಲಿ, ಅಂದ್ರೆ ಒಂದು ಕಡೆ ಹಲ್ಲು ಮೊದಲೇ ತಾಗ್ತಿದೆ.

ಬಿಕ್ಕೋಡು_ಕಡೆ:
ಮಾಡಿಸಿದೆ ಸರ್. ನಾಲಿಗೆ ಎತ್ತಿದ ತಕ್ಷಣ ಎಡಗಡೆ ಎದ್ದು ಬರುತ್ತೆ. ಬೆರಳಲ್ಲಿ ಒತ್ತಿದ್ರೆ ಆಡಲ್ಲ. ಕಚ್ಚಿದಾಗ ಬಲಗಡೆ ಮೊದಲು ಟಕ್ ಅನ್ನುತ್ತೆ, ಆಮೇಲೆ ಎಡಗಡೆ ಸೇರುತ್ತೆ.

ದವಡೆ_ವೈದ್ಯ:
ಹಾಗಾದ್ರೆ ಎರಡು ದೋಷ ಸೇರಿವೆ: ಎಡಗಡೆ ಒಳ ಅಂಚು ಉದ್ದ, ಬಲಗಡೆ ಕಚ್ಚುವಿಕೆ ಎತ್ತರ. ಗೆರೆ ಹಾಗಿರೋ ಹುಣ್ಣು ಅಂಚಿನಿಂದ ಬರೋದೇ. ಹುಣ್ಣು ವಸಡಿನ ದಿಬ್ಬದ ಮೇಲಿದ್ರೆ ಕಚ್ಚುವಿಕೆಯನ್ನೋ, ಒಳಮೈಯಲ್ಲಿ ಉಳಿದ ಅಕ್ರಿಲಿಕ್ ಗಂಟನ್ನೋ ಅನುಮಾನಿಸಬೇಕಿತ್ತು.

ಕಟ್ಟಿಸಿದ ಡಾಕ್ಟರ ಹತ್ತಿರವೇ ಹೋಗಿ. ಹೊಸ ಸೆಟ್‌ಗೆ ಮೊದಲ ಕೆಲವು ವಾರ ತಿದ್ದುವ ಭೇಟಿಗಳು ಇದ್ದೇ ಇರ್ತವೆ, ಅದನ್ನ ದೂರು ಅಂತ ಅವರು ತಿಳ್ಕೊಳ್ಳಲ್ಲ. ಒಂದು ಮುಖ್ಯ ವಿಷಯ: ನೋವು ಅಂತ ತೆಗೆದಿಟ್ಟು ಬರಿಬಾಯಲ್ಲಿ ಹೋದ್ರೆ ಗುರುತು ಸಿಗಲ್ಲ. ಹೋಗೋ ಮುಂಚೆ ಕೆಲವು ಗಂಟೆ ಹಾಕಿಕೊಂಡಿರಲಿ. ಅವರು ಹುಣ್ಣಿನ ಮೇಲೆ ಬಣ್ಣದ ಕಡ್ಡಿಯಿಂದ ಗುರುತು ಹಾಕಿ ಸೆಟ್ ಕೂರಿಸ್ತಾರೆ, ಆ ಬಣ್ಣ ಅಕ್ರಿಲಿಕ್‌ಗೆ ಅಂಟುತ್ತೆ. ಇಲ್ಲವೇ ಒಳಗೆ ಬಿಳಿ ಪೇಸ್ಟ್ ಬಳಿದು ಕೂರಿಸಿ ತೆಗೀತಾರೆ, ಪೇಸ್ಟ್ ಅಳಿಸಿಹೋದ ಜಾಗವೇ ಒತ್ತುವ ಜಾಗ. ಅಷ್ಟು ಮಾತ್ರ ಬರ್‌ನಿಂದ, ಅಂದ್ರೆ ತಿರುಗೋ ಸಣ್ಣ ಮೊನೆಯಿಂದ, ಸವರಿ ಪಾಲಿಶ್ ಮಾಡ್ತಾರೆ. ಸರಿಯಾಗಿ ಸವರಿದ್ರೆ ಹುಣ್ಣು ಒಂದು ವಾರದೊಳಗೆ ಒಣಗಬೇಕು. ಸೆಟ್ ತೆಗೆದಿಟ್ಟ ಮೇಲೂ ಎರಡು ವಾರ ಕಳೆದು ಹುಣ್ಣು ಹೋಗದಿದ್ರೆ, ಅದರಲ್ಲೂ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸ ಇದ್ದವರು, ತಡಮಾಡದೆ ಪರೀಕ್ಷೆ ಮಾಡಿಸಲೇಬೇಕು.

ಮೇಣದ_ಅಚ್ಚು:
ಕಚ್ಚುವಿಕೆ ಬಗ್ಗೆ ಒಂದು ಮಾತು ಸೇರಿಸ್ತೀನಿ. ಬಾಯೊಳಗೆ ನೀಲಿ ಕಾಗದ ಕಚ್ಚಿಸಿ ಚುಕ್ಕಿ ನೋಡಿ ಸವರೋದು ಸಣ್ಣ ವ್ಯತ್ಯಾಸಕ್ಕೆ ಸಾಕು. ಕೆಳಗಿನ ಸೆಟ್ ಮೆತ್ತನೆ ವಸಡಿನ ಮೇಲೆ ಜಾರಿಬಿಟ್ರೆ ಚುಕ್ಕಿ ಸುಳ್ಳು ಹೇಳುತ್ತೆ. ಆಗ ಬಾಯಲ್ಲಿ ಹೊಸದಾಗಿ ಕಚ್ಚುವಿಕೆ ದಾಖಲಿಸಿ, ಎರಡೂ ಸೆಟ್‌ಗಳನ್ನ ಆರ್ಟಿಕ್ಯುಲೇಟರ್ (ದವಡೆ ಹಾಗೆ ಆಡೋ ಲ್ಯಾಬ್ ಉಪಕರಣ) ಮೇಲೆ ಕೂರಿಸಿ ತಿದ್ದೋದು ಸರಿ. ಬೇಕಾದ್ರೆ ಹಾಗೆ ಕೇಳಿ.

ಕಳಸ_ಮಳೆ:
ಚಿಕ್ಕಮಗಳೂರು ಕಡೆ ನಮ್ಮಜ್ಜಿಯಂಥವರಿಗೆ ಅಡುಗೆ ಬದಲಿಸಿದ್ರೆ ತುಂಬ ವ್ಯತ್ಯಾಸ ಆಗುತ್ತೆ. ರೊಟ್ಟಿ ಎಳೆದು ಹರಿಯೋದು, ಕೋಡುಬಳೆ ಮುಂದಿನ ಹಲ್ಲಿಂದ ಕಡಿಯೋದು ಬೇಡ, ಸೆಟ್ ಹಿಂದಿನಿಂದ ಏಳುತ್ತೆ. ಸಣ್ಣ ತುಂಡು ಮಾಡಿ, ಎರಡೂ ಕಡೆ ಒಟ್ಟಿಗೆ ಅಗಿಯಲಿ. ಮುದ್ದೆ ಹೇಗೂ ನುಂಗೋದೇ, ಮೊದಲ ವಾರಕ್ಕೆ ಅದು, ಬೇಯಿಸಿದ ಕಡುಬು ಒಳ್ಳೇದು. ಕಾಫಿ ಹುಷಾರು: ಅಂಗುಳ ಮುಚ್ಚಿರೋದ್ರಿಂದ ಬಿಸಿ ಗೊತ್ತಾಗಲ್ಲ, ಗಂಟಲಿಗೆ ಇಳಿದ ಮೇಲೇ ಸುಡುತ್ತೆ.

ದವಡೆ_ವೈದ್ಯ:
ನಿಜ. ಇನ್ನೊಂದು, ನಾಲಿಗೆ. ಬಾಯಿ ತೆರೆದಾಗ ನಾಲಿಗೆ ಹಿಂದಕ್ಕೆ ಸೇರಿಸಿಕೊಳ್ಳೋ ಅಭ್ಯಾಸ ಇದ್ರೆ ಕೆಳಗಿನ ಸೆಟ್ ನಿಲ್ಲಲ್ಲ. ತುದಿ ಕೆಳ ಮುಂಹಲ್ಲಿನ ಒಳಬದಿಗೆ ತಾಗಿರಲಿ ಅಂತ ನೆನಪಿಸ್ತಾ ಇರಿ. ಬಿಪಿ ಮಾತ್ರೆಗಳಲ್ಲಿ ಕೆಲವು ಬಾಯಿ ಒಣಗಿಸ್ತವೆ. ಸೆಟ್ ಅಂಟಿಕೊಳ್ಳೋದಕ್ಕೆ ತೆಳುವಾದ ಜೊಲ್ಲಿನ ಪದರ ಬೇಕು, ಊಟಕ್ಕೆ ಮುಂಚೆ ಒಂದು ಗುಟುಕು ನೀರು ಕುಡಿಯಲಿ. ಮಾತ್ರೆಯನ್ನ ನೀವಾಗಿ ನಿಲ್ಲಿಸಬೇಡಿ.

ಬಿಕ್ಕೋಡು_ಕಡೆ:
ತೊಳೆಯೋದು ಹೇಗೆ? ಅಮ್ಮ ಬಚ್ಚಲು ಹಂಡೆಯ ಬಿಸಿನೀರಲ್ಲಿ ಅದ್ದಿ ತೆಗೀತಾರೆ, ಕ್ರಿಮಿ ಸಾಯಲಿ ಅಂತ.

ಮೇಣದ_ಅಚ್ಚು:
ಇವತ್ತೇ ನಿಲ್ಲಿಸಿ! ಕುದಿಯೋ ನೀರಲ್ಲಿ ಅಕ್ರಿಲಿಕ್ ಸೊಟ್ಟಗಾಗುತ್ತೆ, ಕಣ್ಣಿಗೆ ಕಾಣದಷ್ಟು ಸೊಟ್ಟ ಆದ್ರೂ ಹಿಡಿತ ಹೋಗುತ್ತೆ. ತಣ್ಣೀರು ಅಥವಾ ಉಗುರು ಬೆಚ್ಚನೆ ನೀರು, ಮೆತ್ತನೆ ಬ್ರಷ್, ಪಾತ್ರೆ ಸೋಪು ಸ್ವಲ್ಪ. ಟೂತ್‌ಪೇಸ್ಟ್ ಗೀರುತ್ತೆ, ಇದ್ದಿಲು, ಉಪ್ಪಿನ ಪುಡಿ ಇನ್ನೂ ಹೆಚ್ಚು. ಸಿಂಕ್‌ನಲ್ಲಿ ಬಟ್ಟೆ ಹಾಸಿ ಇಲ್ಲವೇ ಬೋಗುಣಿಯಲ್ಲಿ ನೀರಿಟ್ಟು ಅದರ ಮೇಲೆ ತೊಳೆದ್ರೆ ಕೈ ಜಾರಿದ್ರೂ ಒಡೆಯಲ್ಲ. ಮಧ್ಯೆ ಸೀಳು ಬಿಟ್ರೆ ಫೆವಿಕ್ವಿಕ್ ಹಾಕಬೇಡಿ. ತುಂಡು ಸ್ವಲ್ಪ ತಪ್ಪಿ ಅಂಟಿದ್ರೂ ಲ್ಯಾಬ್‌ನಲ್ಲಿ ರಿಪೇರಿ ಕಷ್ಟ. ತುಂಡುಗಳನ್ನೆಲ್ಲ ಹಾಗೇ ತನ್ನಿ.

ದವಡೆ_ವೈದ್ಯ:
ರಾತ್ರಿ ತೆಗೆದು ಮುಚ್ಚಳದ ಡಬ್ಬಿಯಲ್ಲಿ ನೀರಿಗೆ ಹಾಕಿ, ಒಣಗಲು ಬಿಡಬೇಡಿ. ಹಗಲೂ ರಾತ್ರಿ ಹಾಕಿಕೊಂಡವರಿಗೆ ಅಂಗುಳ ಕೆಂಪಾಗಿ ಫಂಗಸ್ ಬರುತ್ತೆ, ನೋವಿಲ್ಲದೆ ಬರೋದ್ರಿಂದ ಗೊತ್ತೇ ಆಗಲ್ಲ. ಕ್ಲೀನಿಂಗ್ ಮಾತ್ರೆ ನೀರಲ್ಲಿ ಕರಗಿಸೋದಕ್ಕೆ ಮಾತ್ರ, ಬಾಯಿಗಲ್ಲ. ಪ್ಯಾಕೆಟ್ ಮೇಲಿನ ಹೊತ್ತು ಆದ ಮೇಲೆ ಚೆನ್ನಾಗಿ ತೊಳೆದು ಹಾಕಬೇಕು.

ಕಡೂರು_ಬೋರ್‌ವೆಲ್:
ನಮ್ಮ ಕಡೂರು, ಅರಸೀಕೆರೆ ಕಡೆ ಗಡಸು ನೀರು, ಡಬ್ಬಿ ಸೆಟ್ ಎರಡಕ್ಕೂ ಬಿಳಿ ಪದರ ಕೂರುತ್ತೆ. ಬಿಳಿ ವಿನೆಗರ್ ಅಷ್ಟೇ ನೀರಿಗೆ ಬೆರೆಸಿ ಅರ್ಧ ಗಂಟೆ ನೆನೆಸಿ ಬ್ರಷ್ ಮಾಡಿದ್ರೆ ಹೋಗುತ್ತೆ. ಚಾಕುವಿನಲ್ಲಿ ಕೆರೆಯಬೇಡಿ.

ಬಿಕ್ಕೋಡು_ಕಡೆ:
ಡಾಕ್ಟರ್ ನಾಲಿಗೆ ಕಡೆ ಅಂಚು ಸವರಿ, ಬಲಗಡೆ ಕಚ್ಚುವಿಕೆ ತಗ್ಗಿಸಿದ್ರು. ಹುಣ್ಣು ಒಣಗಿದೆ, ನಾಲಿಗೆ ಎತ್ತಿದ್ರೂ ಏಳಲ್ಲ. ಆದ್ರೂ ಸ್ವಲ್ಪ ಸಡಿಲ. ಈಗ ಪೇಸ್ಟ್ ಹಾಕಬಹುದಾ?

ದವಡೆ_ವೈದ್ಯ:
ಹುಣ್ಣು ಪೂರ್ತಿ ವಾಸಿಯಾದ ಮೇಲೆ, ತಾತ್ಕಾಲಿಕವಾಗಿ ಹಾಕಬಹುದು. ಜಿಂಕ್ ಇಲ್ಲದ್ದು ಆರಿಸಿ. ಜಿಂಕ್ ಇರೋ ಪೇಸ್ಟನ್ನ ಅತಿಯಾಗಿ ದೀರ್ಘಕಾಲ ಬಳಸಿದ್ರೆ ಮೈಯ ತಾಮ್ರ ಕಡಿಮೆಯಾಗಿ ನರಗಳಿಗೆ ತೊಂದರೆ ಆಗುತ್ತೆ. ತೊಳೆದ ಸೆಟ್ ಮೇಲೆ ಮೂರು ಸಣ್ಣ ಚುಕ್ಕಿ ಸಾಕು, ಅಂಚಿಂದ ಹೊರಗೆ ಉಕ್ಕಿದ್ರೆ ಹೆಚ್ಚಾಯ್ತು ಅಂತ ಅರ್ಥ.

ಹಲ್ಲು ಕೀಳಿಸಿ ಮೂರೇ ತಿಂಗಳಾಗಿರೋದು ಮರೀಬೇಡಿ. ಮೊದಲ ವರ್ಷ ದವಡೆ ಮೂಳೆ ಬೇಗ ಸವೆಯುತ್ತೆ, ಅದರಲ್ಲೂ ಕೆಳಗಿನದು. ಆರೇಳು ತಿಂಗಳಲ್ಲಿ ಮತ್ತೆ ಸಡಿಲ ಆದ್ರೆ ಹೊಸದು ಮಾಡಿಸೋ ಮೊದಲು ರಿಲೈನಿಂಗ್ ಕೇಳಿ: ಹಳೆ ಸೆಟ್‌ನ ಒಳಮೈಗೆ ಹೊಸ ಅಕ್ರಿಲಿಕ್ ತುಂಬಿ ವಸಡಿಗೆ ಹೊಂದಿಸೋದು. ಖರ್ಚು ಹೊಸ ಸೆಟ್‌ಗಿಂತ ಕಡಿಮೆ. ಅಡಿಕೆ ಮಾತ್ರ ಬಿಡಿಸಲು ನೋಡಿ, ಗಟ್ಟಿ ಚೂರು ಒಂದು ಕಡೆ ಸಿಕ್ಕಿದ್ರೆ ತಿದ್ದಿದ ಸೆಟ್ಟೂ ಎದ್ದು ಬರುತ್ತೆ.