ಎಸ್ಟೇಟ್ ಅಂದ್ರೆ ಬರೀ ತೋಟವಲ್ಲ: ಮಕ್ಕಳಿಗೆ ಹೇಗೆ ಹೇಳಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಸುಂಟಿಕೊಪ್ಪದ ಹತ್ತಿರ ಲೈನ್ ಮನೆ (ತೋಟದ ಕೆಲಸಗಾರರ ಸಾಲು ಮನೆ) ಮಕ್ಕಳಿಗೆ ಸಂಜೆ ಇಂಗ್ಲಿಷ್ ಹೇಳಿಕೊಡುತ್ತೇನೆ. ನಮ್ಮ ಕೊಡಗಿನಲ್ಲಿ ಎಸ್ಟೇಟ್ ಅಂದ್ರೆ ಕಾಫಿ ತೋಟ. ಈ ಮಕ್ಕಳ ಅಪ್ಪ ಅಮ್ಮ ದಿನಾ ಕೆಲಸಕ್ಕೆ ಹೋಗುವುದೂ ಅಲ್ಲಿಗೇ.

ಮೊನ್ನೆ ಏಳನೇ ಕ್ಲಾಸಿನ ಹುಡುಗಿ 'ಫೋರ್ತ್ ಎಸ್ಟೇಟ್' ಎಂಬುದಕ್ಕೆ 'ನಾಲ್ಕನೇ ತೋಟ' ಎಂದು ಮುದ್ದಾಗಿ ಬರೆದಿದ್ದಳು. ತಪ್ಪು ಅನ್ನಲು ಮನಸ್ಸೇ ಬರಲಿಲ್ಲ. ಅಲ್ಲಿ ಅದರ ಅರ್ಥ ಪತ್ರಿಕಾರಂಗ. 1789ರ ಕ್ರಾಂತಿಗೆ ಮುಂಚೆ ಫ್ರಾನ್ಸಿನಲ್ಲಿ ಪಾದ್ರಿಗಳು, ಶ್ರೀಮಂತ ಮನೆತನದವರು, ಉಳಿದ ಜನ ಎಂದು ಮೂರು ವರ್ಗಗಳಿದ್ದವು. ಅವಕ್ಕೂ ಎಸ್ಟೇಟ್ ಎಂದೇ ಹೆಸರು, ಆ ಲೆಕ್ಕದಲ್ಲಿ ಪತ್ರಿಕಾರಂಗ ನಾಲ್ಕನೆಯದು. ಇದನ್ನು ಹೇಗೋ ವಿವರಿಸಿದೆ.

ಕಷ್ಟವಾಗಿದ್ದು ಇನ್ನೊಂದು ಅರ್ಥ. ಸತ್ತವರು ಬಿಟ್ಟುಹೋದ ಮನೆ, ದುಡ್ಡು, ಒಡವೆ ಎಲ್ಲಾ ಸೇರಿ ಎಸ್ಟೇಟ್. ಅವರ ಸಾಲವನ್ನೂ ಮೊದಲು ಅದರಿಂದಲೇ ತೀರಿಸಬೇಕು. 'ಆಸ್ತಿ' ಅಂದ್ರೆ ಮಕ್ಕಳು ಬರೀ ಜಮೀನು ಅಂದುಕೊಳ್ಳುತ್ತಾರೆ. ಇದಕ್ಕೆ ಸುಲಭದ ಕನ್ನಡ ಪದ ಇದೆಯಾ? ವಕೀಲರು, ಮೇಷ್ಟ್ರುಗಳು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಹೀಗೆ ಅರ್ಥ ಬದಲಾಗುವ ಬೇರೆ ಪದಗಳಿದ್ದರೂ ತಿಳಿಸಿ. ಶನಿವಾರ ಮತ್ತೆ ಕ್ಲಾಸ್ ಇದೆ, ಆ ಹುಡುಗಿ ಖಂಡಿತ ಕೇಳುತ್ತಾಳೆ.